ಕೋಲಾರದಲ್ಲಿ ದೋಣಿನಾ? ಒಂದು ಹಳೇ ತೆಪ್ಪ ರಿಪೇರಿ ಮಾಡಿದ್ದು, ಲೆಕ್ಕ ಸಮೇತ

ಸೆಮಿಸ್ಟರ್ ರಜೆ ಮುಗಿಸಿ ವಾಪಸ್ ಬಂದಾಗ ಹಾಸ್ಟೆಲ್‌ನಲ್ಲಿ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ, "ರಜೆಯಲ್ಲಿ ಏನ್ ಮಾಡಿದ್ರಿ?" ನಾವು "ಮೀನು ಹಿಡಿಯೋ ದೋಣಿ ರಿಪೇರಿ ಮಾಡಿದ್ವಿ" ಅಂದ್ರೆ, "ಓಹೋ, ಮಲ್ಪೆಗೆ ಹೋಗಿದ್ರಾ?" ಅಂತಾರೆ. "ಇಲ್ಲ, ಮುಳಬಾಗಿಲು ತಾಲ್ಲೂಕು" ಅಂದ ತಕ್ಷಣ ನಗು. ನಗಲಿ ಬಿಡಿ. ಕೋಲಾರ ಅಂದ್ರೆ ಚಿನ್ನ, ರೇಷ್ಮೆ, ಹಾಲು, ಟೊಮೇಟೊ ಅಂತ ಎಲ್ಲರಿಗೂ ಗೊತ್ತು. ಸಾವಿರ ಅಡಿ ಬೋರ್ ಕೊರೆದ್ರೂ ನೀರು ಬರಲ್ಲ ಅನ್ನೋದೂ ಗೊತ್ತು. ಅಂಥ ಜಿಲ್ಲೆಯಲ್ಲಿ ದೋಣಿ ಎಲ್ಲಿಂದ ಬಂತು ಅಂತ ಅವರಿಗೆ ಆಶ್ಚರ್ಯ.

ನಾವು ನಾಲ್ಕು ಜನ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ತಾಲ್ಲೂಕಿಗೆ ಒಬ್ಬರಂತೆ. ಮುಳಬಾಗಿಲಿನವನ ಊರಿನ ಕೆರೆಯಲ್ಲಿ ಮೀನು ಹಿಡಿಯೋ ಒಬ್ಬ ಅಣ್ಣ ಇದ್ದಾರೆ. ಅವರ ತೆಪ್ಪ ಹಾಳಾಗಿ ಬೇಲಿ ಪಕ್ಕ ಬಿದ್ದಿತ್ತು. ಸಂಕ್ರಾಂತಿ ಮುಗಿದಿತ್ತು, ಸೀಸನ್ ಶುರುವಾಗೋಕೆ ಹತ್ತು ದಿನ ಬಾಕಿ. ಆ ಹತ್ತು ದಿನದಲ್ಲಿ ನಾವು ಕಲಿತದ್ದನ್ನ ಇಲ್ಲಿ ಬರೀತಾ ಇದೀವಿ. ನಾವು ಓದಿದ್ದು ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ತಪ್ಪಿದ್ರೆ ಕ್ಷಮಿಸಿ, ಲೆಕ್ಕದಲ್ಲಿ ತಪ್ಪಿದ್ರೆ ಹೇಳಿ.

ಮೊದಲು ಹೆಸರಿನ ವಿಷಯ. ಪುಸ್ತಕದಲ್ಲಿ ಇದನ್ನ ಹರಿಗೋಲು ಅಂತಾರೆ. ನಮ್ಮ ಕಡೆ ತೆಪ್ಪ. ತೆಲುಗು ಮಾತಾಡೋ ಮನೆಗಳಲ್ಲಿ ಪುಟ್ಟಿ. ಮೂರೂ ಒಂದೇ: ಬಿದಿರಿನ ದೊಡ್ಡ ಬುಟ್ಟಿ, ಹೊರಗಡೆ ನೀರು ನುಗ್ಗದ ಹೊದಿಕೆ. 1520ರ ಹೊತ್ತಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್ ಆನೆಗೊಂದಿ ಹತ್ತಿರ ಜನ ಇದರಲ್ಲೇ ನದಿ ದಾಟೋದನ್ನ ನೋಡಿ ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹತ್ತಬಹುದು, ಸುತ್ತುತ್ತಾ ಸುತ್ತುತ್ತಾ ಹೋಗುತ್ತೆ ಅಂತ. ಅವನಿಗಿಂತ ಸುಮಾರು ಎರಡು ಸಾವಿರ ವರ್ಷ ಮೊದಲೇ ಗ್ರೀಸ್‌ನ ಹೆರೊಡೊಟಸ್ ಬ್ಯಾಬಿಲೋನ್ ಕಡೆ ಹೋಗುವ ದುಂಡನೆಯ ಚರ್ಮದ ದೋಣಿಗಳ ಬಗ್ಗೆ ಬರೆದಿದ್ದ. ವಿಯೆಟ್ನಾಂ ಸಮುದ್ರ ತೀರದಲ್ಲಿ ಬಿದಿರಿನ ಬುಟ್ಟಿಗೆ ಸಗಣಿ ಮೆತ್ತಿ, ಮೇಲೆ ಮರದ ಎಣ್ಣೆ ಬಳಿದು ಇವತ್ತಿಗೂ ಮೀನು ಹಿಡೀತಾರೆ. ನಮ್ಮಲ್ಲಿ ಚರ್ಮ ಹೋಗಿ, ಅದರ ಜಾಗಕ್ಕೆ ಪ್ಲಾಸ್ಟಿಕ್ ಚೀಲ ಮತ್ತು ಡಾಂಬರು ಬಂದಿದೆ. ವ್ಯತ್ಯಾಸ ಅಷ್ಟೇ.

ಈಗ ಸೀಸನ್. ಕರಾವಳಿಯ ಸ್ನೇಹಿತರಿಗೆ ಸೀಸನ್ ಅಂದ್ರೆ ಆಗಸ್ಟ್ 1. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತೆ. ಆ ಎರಡು ತಿಂಗಳಲ್ಲಿ ಅಲ್ಲಿ ಬೋಟ್ ರಿಪೇರಿ, ಬಲೆ ರಿಪೇರಿ, ಪೇಂಟ್ ಎಲ್ಲ ನಡೆಯುತ್ತೆ. ನಮ್ಮ ಕಡೆ ಕ್ಯಾಲೆಂಡರ್ ಬೇರೆ. ಕೋಲಾರದಲ್ಲಿ ವರ್ಷವಿಡೀ ಹರಿಯೋ ನದಿ ಇಲ್ಲ, ಇರೋದೆಲ್ಲ ಕೆರೆ. ಈ ಕೆರೆಗಳು ಸಾಮಾನ್ಯವಾಗಿ ತುಂಬೋದು ಹಿಂಗಾರು ಸೇರಿ ಸೆಪ್ಟೆಂಬರ್‌ನಿಂದ ನವೆಂಬರ್ ಒಳಗೆ. 2021ರ ನವೆಂಬರ್‌ನಲ್ಲಿ ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಬಿದ್ದಿದ್ದನ್ನ ನಾವೇ ನೋಡಿದೀವಿ. ಆಗ ನಾವು ಸ್ಕೂಲ್‌ನಲ್ಲಿದ್ವಿ, ಕೋಲಾರಮ್ಮನ ಕೆರೆ ಕೋಡಿ ನೋಡೋಕೆ ಊರಿಗೆ ಊರೇ ಬಂದಿತ್ತು. ಮಳೆ ಬಂದು ನೀರು ನಿಂತ ಮೇಲೆ ಮೀನುಮರಿ ಬಿಡ್ತಾರೆ: ಕಾಟ್ಲಾ, ರೋಹು, ಮೃಗಾಲ್, ಗೆಂಡೆ. ಕಾಟ್ಲಾ ಮೇಲಿನ ನೀರಲ್ಲಿ ಮೇಯುತ್ತೆ, ರೋಹು ಮಧ್ಯ, ಮೃಗಾಲ್ ತಳದಲ್ಲಿ. ಹಾಗಾಗಿ ಒಂದೇ ಕೆರೆಯಲ್ಲಿ ಮೂವರೂ ಜಗಳ ಇಲ್ಲದೆ ಬದುಕ್ತಾರೆ. ಮಳೆ ಕಳೆದು ನೀರು ಇಳಿಯೋಕೆ ಶುರುವಾದಾಗ, ಅಂದ್ರೆ ಸಂಕ್ರಾಂತಿ ಆದ ಮೇಲೆ, ನಮ್ಮವರ ಸೀಸನ್. ಯುಗಾದಿ ಹೊತ್ತಿಗೆ ಜೋರು. ಬೇಸಿಗೆ ಕೊನೆಗೆ ಮುಗಿದಿರಬೇಕು.

ಯಾಕೆ ಮುಗಿದಿರಬೇಕು? ಇಲ್ಲಿ ಒಂದು ವಿಷಯ ಇದೆ. ನೀರು ಕಡಿಮೆಯಾದಂತೆ ಅಷ್ಟೇ ಮೀನು ಸ್ವಲ್ಪ ಜಾಗದಲ್ಲಿ ಸೇರುತ್ತೆ. ಬಿಸಿಲಿಗೆ ಕಾದ ನೀರಿನಲ್ಲಿ ಆಮ್ಲಜನಕ ಕರಗೋದೇ ಕಡಿಮೆ. ಪಾಚಿ ಹಗಲು ಆಮ್ಲಜನಕ ಕೊಡುತ್ತೆ, ರಾತ್ರಿ ಅದೇ ಪಾಚಿ ಉಸಿರಾಡಿ ಖರ್ಚು ಮಾಡುತ್ತೆ. ಬೆಳಗಿನ ಜಾವಕ್ಕೆ ಆಮ್ಲಜನಕ ತೀರಾ ಇಳಿದು ಮೀನು ಮೇಲೆ ಬಂದು ಬಾಯಿ ಬಿಡುತ್ತೆ. ಒಂದು ಮೋಡ ಕವಿದ ದಿನ ಸಾಕು, ಇಡೀ ಕೆರೆಯ ಮೀನು ಬೆಳ್ಳಗೆ ತೇಲೋಕೆ. ಕೆರೆ ಗುತ್ತಿಗೆಗೆ ಪಾಲು ಹಾಕಿ, ಮರಿ ಬಿಟ್ಟು, ಎಂಟು ತಿಂಗಳು ಕಾದವರಿಗೆ ಆ ಒಂದು ಬೆಳಗ್ಗೆಯಲ್ಲಿ ಎಲ್ಲ ಹೋಗುತ್ತೆ. ಅಣ್ಣನವರ ಭಯ ಇದೇ ಆಗಿತ್ತು. ಬೇರೆಯವರ ತೆಪ್ಪ ತಗೊಂಡ್ರೆ ಹಿಡಿದ ಮೀನಿನಲ್ಲಿ ಪಾಲು ಕೊಡಬೇಕು. ಹಿಂದಿನ ವರ್ಷ ಹಾಗೇ ಮಾಡಿದ್ರಂತೆ, ಕೊನೆಗೆ ಬಲೆಯ ಸಾಲ ಹಾಗೇ ಉಳೀತು.

ಇಲ್ಲಿ ಕೆ.ಸಿ. ವ್ಯಾಲಿ ಬಗ್ಗೆ ಎರಡು ಮಾತು ಹೇಳಲೇಬೇಕು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನ ಎರಡು ಹಂತದಲ್ಲಿ ಶುದ್ಧ ಮಾಡಿ ಪೈಪ್‌ನಲ್ಲಿ ನಮ್ಮ ಜಿಲ್ಲೆಯ ಕೆರೆಗಳಿಗೆ ತುಂಬಿಸೋ ಯೋಜನೆ ಅದು. 2018ರ ಜೂನ್‌ನಲ್ಲಿ ಮೊದಲು ನೀರು ಬಂದಿದ್ದು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ. ಉದ್ದೇಶ ಅಂತರ್ಜಲ ಹೆಚ್ಚಿಸೋದು. ಆದ್ರೆ ಕೆರೆಯಲ್ಲಿ ನೀರು ನಿಂತ ಮೇಲೆ ಮೀನು ಬರದೆ ಇರುತ್ತಾ? ಆ ಕೆರೆಗಳಲ್ಲಿ ವರ್ಷವಿಡೀ ನೀರು, ಹಾಗಾಗಿ ಸೀಸನ್ ಲೆಕ್ಕವೇ ಬದಲಾಗಿದೆ. ಜೊತೆಗೆ ನೈಟ್ರೋಜನ್, ಫಾಸ್ಫರಸ್ ಜಾಸ್ತಿ ಆದ್ರೆ ಪಾಚಿಯೂ ಜಾಸ್ತಿ. ಮೇಲೆ ಹೇಳಿದ ಬೆಳಗಿನ ಜಾವದ ಸಮಸ್ಯೆ ಅಲ್ಲಿ ಇನ್ನೂ ಹತ್ತಿರ. ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಜಿಲ್ಲೆಯಲ್ಲಿ ಕೇಳ್ತಾನೇ ಇದಾರೆ, ನಮಗೂ ಅದು ಸರಿ ಅನ್ಸುತ್ತೆ. ಅಣ್ಣನವರ ಕೆರೆ ಮಾತ್ರ ಮಳೆ ನೀರಿನದು. ಇಳಿಯುತ್ತೆ, ಕಾಯಲ್ಲ.

ಸರಿ, ತೆಪ್ಪಕ್ಕೆ ಬರೋಣ.

ತೆಪ್ಪದ ಅಡ್ಡಳತೆ 6 ಅಡಿ, ಆಳ ಒಂದೂವರೆ ಅಡಿ. ಹೊರಗಿನ ಹೊದಿಕೆ ಬಿಸಿಲಿಗೆ ಒಡೆದು ಹಪ್ಪಳದ ಹಾಗೆ ಎದ್ದಿತ್ತು. ಒಂದು ಕಡೆ ಬಿದಿರಿಗೆ ಹುಳ ಕುಟ್ಟಿ, ತಟ್ಟಿದ್ರೆ ಹಿಟ್ಟಿನಂಥ ಪುಡಿ ಉದುರುತ್ತಿತ್ತು. ಅಂಚಿನ ಕಟ್ಟು ಸಡಿಲವಾಗಿ ಇಡೀ ತೆಪ್ಪ ಮೊಟ್ಟೆ ಆಕಾರಕ್ಕೆ ಬಂದಿತ್ತು. ನಮ್ಮಲ್ಲೊಬ್ಬ "ಎಂ-ಸೀಲ್ ಹಾಕೋಣ" ಅಂದ. ಪಕ್ಕದಲ್ಲಿ ಕೂತಿದ್ದ ಅಣ್ಣನವರ ತಂದೆ (ನಾವೆಲ್ಲ ತಾತ ಅಂತೀವಿ) ಬೀಡಿ ಆರಿಸಿ, "ಇಂಜಿನಿಯರ್ ಓದೋರಾ?" ಅಂತ ಕೇಳಿದ್ರು. ಹೌದು ತಾತ ಅಂದ್ವಿ. ಮತ್ತೆ ಏನೂ ಮಾತಾಡಲಿಲ್ಲ.

ನಾವು ಹೊದಿಕೆಯಿಂದ ಶುರು ಮಾಡೋಣ ಅಂತಿದ್ವಿ, ಯಾಕಂದ್ರೆ ತೂತು ಇರೋದು ಅಲ್ಲಿ. ತಾತ ಬಿಡಲಿಲ್ಲ. ಮೊದಲು ಅಂಚು, ಆಮೇಲೆ ಹೆಣಿಗೆ, ಕೊನೆಗೆ ಡಾಂಬರು. "ಅಂಚು ದುಂಡಗಾಗದೆ ನಾನು ಹತ್ತಲ್ಲ" ಅಂದ್ರು. ಯಾಕೆ ಅಂತ ಅವರು ಹೇಳಲಿಲ್ಲ, ರಾತ್ರಿ ನಾವೇ ಲೆಕ್ಕ ಹಾಕಿದ್ವಿ. ಇದು ನಮಗೆ ತುಂಬಾ ಇಷ್ಟವಾದ ಭಾಗ, ಸ್ವಲ್ಪ ತಾಳ್ಮೆ ಇರಲಿ.

6 ಅಡಿ ಅಂದ್ರೆ 1.8 ಮೀಟರ್. ದುಂಡನೆಯ ತಳದ ವಿಸ್ತೀರ್ಣ ಸುಮಾರು 2.5 ಚದರ ಮೀಟರ್. ಹಾಗಾದ್ರೆ ತೆಪ್ಪ 1 ಸೆಂಟಿಮೀಟರ್ ಮುಳುಗಿದ್ರೆ ಸುಮಾರು 25 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತೆ, ಅಂದ್ರೆ 25 ಕೆ.ಜಿ. ತೂಕ ಹೊರುತ್ತೆ. ಇಬ್ಬರು ಸೇರಿ 130 ಕೆ.ಜಿ., ಬಲೆ ಮತ್ತು ಮೀನು 70, ತೆಪ್ಪದ ತೂಕ 40 ಅಂತ ಇಟ್ಕೊಳ್ಳಿ. ಒಟ್ಟು 240. ಚಪ್ಪಟೆ ತಳ ಆಗಿದ್ರೆ 10 ಸೆಂ.ಮೀ. ಕೂಡ ಮುಳುಗಲ್ಲ. ನಿಜವಾದ ತೆಪ್ಪ ಬಟ್ಟಲಿನ ಹಾಗೆ ಇರೋದ್ರಿಂದ 15 ಸೆಂ.ಮೀ. ಅಂತ ತಗೊಂಡ್ವಿ. ಆಳ 45, ಹಾಗಾಗಿ ನೀರಿನ ಮೇಲೆ ಉಳಿಯೋದು 30 ಸೆಂ.ಮೀ. ಅರ್ಕಿಮಿಡೀಸ್ ತಾತ ಪಾಸ್ ಮಾಡಿದ್ರು.

ತೇಲೋದು ಒಂದು, ಮಗುಚದೆ ಇರೋದು ಇನ್ನೊಂದು. ದೋಣಿ ಪಕ್ಕಕ್ಕೆ ವಾಲಿದಾಗ ಅದನ್ನ ಮತ್ತೆ ನೆಟ್ಟಗೆ ಮಾಡೋ ಶಕ್ತಿ ಎಷ್ಟು ಅನ್ನೋದಕ್ಕೆ ಮೆಟಾಸೆಂಟರ್ ಲೆಕ್ಕ ಇದೆ. ನೀರಿನ ಮಟ್ಟದಲ್ಲಿ ದೋಣಿಯ ಆಕಾರದ 'ಸೆಕೆಂಡ್ ಮೊಮೆಂಟ್ ಆಫ್ ಏರಿಯಾ'ವನ್ನ, ಸರಿಸಿದ ನೀರಿನ ಘನಫಲದಿಂದ ಭಾಗಿಸಬೇಕು. ವೃತ್ತಕ್ಕೆ ಅದು ವ್ಯಾಸದ ನಾಲ್ಕನೇ ಘಾತದ ಮೇಲೆ ಹೋಗುತ್ತೆ. 1.8 ಮೀಟರ್‌ಗೆ 0.515, ಅದನ್ನ 0.24ರಿಂದ ಭಾಗಿಸಿದ್ರೆ 2 ಮೀಟರ್‌ಗಿಂತ ಜಾಸ್ತಿ. ಜನ ಕೂತಾಗಿನ ಗುರುತ್ವ ಕೇಂದ್ರದ ಎತ್ತರ ಕಳೆದ್ರೂ ಸುಮಾರು 1.7 ಮೀಟರ್ ಉಳಿಯುತ್ತೆ. ಇಷ್ಟು ಚಿಕ್ಕ ದೋಣಿಗೆ ಇದು ಬಹಳ ಒಳ್ಳೆ ನಂಬರ್. ಅಗಲವೇ ಅದರ ಬಲ.

ಆದ್ರೆ ತೆಪ್ಪ ಮೊಟ್ಟೆ ಆಕಾರಕ್ಕೆ ಬಂದು ಒಂದು ಕಡೆ 7 ಅಡಿ, ಇನ್ನೊಂದು ಕಡೆ 5 ಅಡಿ ಆದ್ರೆ? ಕಿರಿದಾದ ದಿಕ್ಕಿನಲ್ಲಿ ಆ ಸಂಖ್ಯೆ ಮೂರನೇ ಒಂದು ಭಾಗ ಬಿದ್ದೋಗುತ್ತೆ. ತಳದ ವಿಸ್ತೀರ್ಣ ಹೆಚ್ಚುಕಡಿಮೆ ಅಷ್ಟೇ ಇರುತ್ತೆ, ತೇಲೋದು ಚೆನ್ನಾಗೇ ತೇಲುತ್ತೆ. ಅದಕ್ಕೇ ಹತ್ತೋ ತನಕ ಮೋಸ ಗೊತ್ತಾಗಲ್ಲ. ತಾತ ಹೇಳಿದ್ದು ಇದನ್ನೇ, ಘಾತ ಗೀತ ಏನೂ ಇಲ್ಲದೆ.

ಇನ್ನೊಂದು ಲೆಕ್ಕ. 65 ಕೆ.ಜಿ. ಮನುಷ್ಯ ಒಬ್ಬ ಮಧ್ಯದಿಂದ 70 ಸೆಂ.ಮೀ. ಅಂಚಿನ ಕಡೆ ಸರಿದ್ರೆ ಆ ಕಡೆ ಅಂಚು ಸುಮಾರು 10 ಸೆಂ.ಮೀ. ಇಳಿಯುತ್ತೆ. ಪರವಾಗಿಲ್ಲ. ಇಬ್ಬರೂ ಅದೇ ಕಡೆ ಬಾಗಿ, ಮೇಲಿಂದ ಬಲೆಯಲ್ಲಿ ಇನ್ನೊಂದು 30 ಕೆ.ಜಿ. ಅಂಚಿಗೆ ಜಗ್ಗಿದ್ರೆ 26 ಸೆಂ.ಮೀ. ಇರೋದು 30. ಒಂದು ಸಣ್ಣ ಅಲೆ ಸಾಕು. ಅಂಚಿನಿಂದ ಒಂದು ಸಲ ನೀರು ಒಳಗೆ ಬಂದ್ರೆ ಆ ನೀರೂ ತಗ್ಗಿದ ಕಡೆಗೇ ಓಡುತ್ತೆ, ಆಮೇಲೆ ಲೆಕ್ಕ ಹಾಕೋಕೆ ಟೈಮ್ ಇರಲ್ಲ. ತೆಪ್ಪ ಮಗುಚಿದ ಸುದ್ದಿ ಪೇಪರ್‌ನಲ್ಲಿ ಓದಿದಾಗ ನಾವು ಗಾಳಿ, ಅಲೆ ಅಂದ್ಕೋತೀವಿ. ಎರಡು ವರ್ಷದ ಹಿಂದೆ ಅಣ್ಣನವರ ತೆಪ್ಪವೂ ಒಂದು ಸಲ ಮಗುಚಿತ್ತಂತೆ. ಗಾಳಿ ಇರಲಿಲ್ಲ. ಬಲೆಗೆ ದೊಡ್ಡ ಕಾಟ್ಲಾ ಬಿದ್ದಿದೆ ಅಂತ ಅವರೂ ಅವರ ಮಗನೂ ಒಟ್ಟಿಗೆ ಒಂದೇ ಕಡೆ ಬಾಗಿದ್ರು. ಹುಡುಗನಿಗೆ ಆಗ ಹದಿನಾಲ್ಕು. ಖಾಲಿ ಎಣ್ಣೆ ಕ್ಯಾನ್ ಕೈಗೆ ಸಿಕ್ಕಿ ಬದುಕಿದ. ಈ ಮಾತು ಅಣ್ಣ ಹೇಳಲಿಲ್ಲ, ಅಕ್ಕ ಊಟ ಬಡಿಸುವಾಗ ಹೇಳಿದ್ದು.

ಅಂಚಿನ ಕೆಲಸಕ್ಕೆ ಎರಡು ದಿನ ಹಿಡೀತು. ಹೊಸ ಬಿದಿರು ತಂದು ಸೀಳಿದ್ವಿ. ಸೀಳೋದು ಸುಲಭ ಅಂದ್ಕೊಂಡಿದ್ವಿ, ಕತ್ತಿ ಒಂದು ಕಡೆ ಹೋದ್ರೆ ಬಿರುಕು ಇನ್ನೊಂದು ಕಡೆ ಹೋಗುತ್ತೆ. ಬಿರುಕು ದಪ್ಪ ಕಡೆಯಿಂದ ತೆಳು ಕಡೆಗೆ ಓಡುತ್ತೆ, ಆದ್ರಿಂದ ದಪ್ಪ ಇರೋ ಕಡೆಯನ್ನ ಜಾಸ್ತಿ ಬಾಗಿಸುತ್ತಾ ಸೀಳಬೇಕು. ಇದನ್ನ ಕಲಿಸಿದ್ದು ಬುಟ್ಟಿ ಹೆಣೆಯೋ ಮೇದರ ಮನೆಯ ಒಬ್ಬ ಅಜ್ಜಿ. ದಬ್ಬೆ ಬಾಗಿಸುವಾಗ ಬಿದಿರಿನ ಹಸಿರು ಸಿಪ್ಪೆ ಕಡೆ ಹೊರಗಿರಬೇಕು. ಬಿದಿರಿನ ನಾರು ಹೊರಗಡೆ ದಟ್ಟ, ಒಳಗಡೆ ವಿರಳ. ಬಾಗಿಸಿದಾಗ ಹೊರಮೈ ಎಳೆತಕ್ಕೆ ಸಿಗೋದ್ರಿಂದ ಗಟ್ಟಿ ನಾರು ಅಲ್ಲಿರಬೇಕು. ನಾವು ಮೊದಲನೆಯದನ್ನ ಉಲ್ಟಾ ಬಾಗಿಸಿದ್ವಿ, ಪಟ್ ಅಂತ ಮುರೀತು. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್‌ನಲ್ಲಿ ನಮ್ಮ ನಾಲ್ಕು ಜನರ ಮಾರ್ಕ್ಸ್ ಇಲ್ಲಿ ಬರೆಯಲ್ಲ.

ಹುಳದ ಬಗ್ಗೆ: ಬಿದಿರಿನೊಳಗಿನ ಪಿಷ್ಟಕ್ಕೆ ಹುಳ ಬರುತ್ತೆ. ಕಡಿದ ಬಿದಿರನ್ನ ಕೆಲವು ವಾರ ನೀರಲ್ಲಿ ಮುಳುಗಿಸಿಟ್ರೆ ಪಿಷ್ಟ ಕರಗಿ ಹೋಗಿ ಬಾಳಿಕೆ ಹೆಚ್ಚುತ್ತೆ. ನಮ್ಮ ಹತ್ತಿರ ವಾರಗಳು ಇರಲಿಲ್ಲ, ಹಾಗೇ ಕಟ್ಟಿದ್ವಿ. ಮುಂದಿನ ಸಲಕ್ಕೆ ಈಗಲೇ ನಾಲ್ಕು ಬಿದಿರು ಕೆರೆಯಲ್ಲಿ ಮುಳುಗಿಸಿ ಕಲ್ಲು ಹೇರಿ ಬಂದಿದೀವಿ.

ಅಂಚು ದುಂಡಗೆ ಮಾಡೋಕೆ ನೆಲದಲ್ಲಿ ಗೂಟ ಹೊಡೆದು, 3 ಅಡಿ ಹಗ್ಗ ಕಟ್ಟಿ ವೃತ್ತ ಎಳೆದು, ಅದರ ಸುತ್ತ ಗೂಟಗಳನ್ನ ನೆಟ್ವಿ. ತೆಪ್ಪವನ್ನ ಒಳಗೆ ಕೂರಿಸಿ, ತಳದಲ್ಲಿ ಕಲ್ಲು ಹೇರಿ, ಮೂರು ದಬ್ಬೆ ಒಟ್ಟಿಗೆ ಸುತ್ತಿ ನೈಲಾನ್ ಹಗ್ಗದಲ್ಲಿ ಕಟ್ಟಿದ್ವಿ. ದಬ್ಬೆಗಳ ಜೋಡಣೆ ಮೂರೂ ಒಂದೇ ಜಾಗದಲ್ಲಿ ಬರಬಾರದು. ಹಗ್ಗ ಶ್ರೀನಿವಾಸಪುರದಿಂದ ಬಂತು, ಮಾವಿನ ಲೋಡ್ ಕಟ್ಟೋ ಹಗ್ಗ. ಮಾಲೂರಿನವನು ಅವರ ಊರಿನ ಹೆಂಚೇ ತಂದಿದ್ದ, ಡಾಂಬರಿನ ಒಲೆಗೆ ಗಾಳಿ ಮರೆ ಮಾಡೋಕೆ ಅದೇ ಉಪಯೋಗಕ್ಕೆ ಬಂತು.

ಈಗ ಡಾಂಬರು, ಮತ್ತು ನಮ್ಮ ದೊಡ್ಡ ತಪ್ಪು.

ಹೊದಿಕೆಗೆ ಸಿಮೆಂಟ್ ಚೀಲಗಳನ್ನ ಬಿಚ್ಚಿ, ತೊಳೆದು, ಒಂದಕ್ಕೊಂದು ಹೊಲಿದು ದೊಡ್ಡ ಹಾಸು ಮಾಡಿದ್ವಿ. ತೆಪ್ಪ ಬೋರಲು ಹಾಕಿ, ಅದರ ಮೇಲೆ ಹಾಸು ಎಳೆದು ಬಿಗಿದು, ಬಿಸಿ ಡಾಂಬರು ಬಳಿಯಬೇಕು. ಆಮೇಲೆ ಇನ್ನೊಂದು ಹಾಸು, ಮತ್ತೆ ಡಾಂಬರು. ಸಿಮೆಂಟ್ ಚೀಲ ಪಾಲಿಪ್ರೊಪಿಲೀನ್, ಸುಮಾರು 160 ಡಿಗ್ರಿಗೆ ಕರಗುತ್ತೆ. ಕುದಿಯೋ ಡಾಂಬರು ಅದಕ್ಕಿಂತ ಬಿಸಿ ಇರಬಹುದು. ನೇರ ಸುರಿದ್ರೆ ಚೀಲವೇ ಮುದುಡಿ ತೂತಾಗುತ್ತೆ. ತಣ್ಣಗಾದ್ರೆ ಹರಿಯಲ್ಲ, ಹೆಣಿಗೆ ಸಂದಿಗೆ ಇಳಿಯಲ್ಲ. ಥರ್ಮಾಮೀಟರ್ ತರ್ತೀವಿ ಅಂದ್ವಿ. ತಾತ ಡಬ್ಬ ಇಳಿಸಿ, "ಹೊಗೆ ನಿಲ್ಲಲಿ, ಆಮೇಲೆ ಬಳೀರಿ" ಅಂದ್ರು ಅಷ್ಟೇ. ಇದು ಸರಿ ಹೋಯ್ತು.

ತಪ್ಪಾಗಿದ್ದು ಬೇರೆ ಕಡೆ. ಟೈಮ್ ಉಳಿಸೋಣ ಅಂತ ನಾವು ಬೆಳಗ್ಗೆ ಏಳು ಗಂಟೆಗೇ ಬಳಿಯೋಕೆ ಶುರು ಮಾಡಿದ್ವಿ. ಜನವರಿ ಇಬ್ಬನಿ. ಚೀಲ ಮುಟ್ಟಿದ್ರೆ ಒಣಗಿದ ಹಾಗೇ ಇತ್ತು, ನೂಲಿನ ಸಂದಿಯಲ್ಲಿ ತೇವ ಇತ್ತು. ಬಿಸಿ ಡಾಂಬರು ಬಿದ್ದ ತಕ್ಷಣ ಆ ತೇವ ಆವಿ ಆಯ್ತು. ನೀರು ಆವಿಯಾದ್ರೆ ಸಾವಿರಕ್ಕೂ ಹೆಚ್ಚು ಪಟ್ಟು ಹಿಗ್ಗುತ್ತೆ. ಇಡೀ ಮೇಲ್ಮೈ ದೋಸೆ ಹಾಗೆ ಗುಳ್ಳೆ ಗುಳ್ಳೆ. ನೋಡೋಕೆ ಚೆನ್ನಾಗೇ ಇತ್ತು, ಪ್ರತಿ ಗುಳ್ಳೆಯ ಕೆಳಗೂ ಒಂದು ತೂತು. ಎರಡು ದಿನದ ಕೆಲಸ, ಹತ್ತು ಕೆ.ಜಿ. ಡಾಂಬರು, ಕಿತ್ತು ಹಾಕಬೇಕಾಯ್ತು. ಅಣ್ಣ ಬಂದು ನೋಡಿದ್ರು. ಬೈದಿದ್ರೆ ಚೆನ್ನಾಗಿರ್ತಿತ್ತು. "ಇರಲಿ ಬಿಡ್ರಪ್ಪ" ಅಂತ ಹೇಳಿ ಬೇರೆಯವರ ತೆಪ್ಪ ಕೇಳೋಕೆ ಫೋನ್ ತೆಗೆದ್ರು. ಆವತ್ತು ನಾವು ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಉಳಿದಿದ್ದು ನಾಲ್ಕೇ ದಿನ.

ಎರಡನೇ ಸಲ ಚೀಲಗಳನ್ನ ಬಂಡೆ ಮೇಲೆ ಪೂರ್ತಿ ಎರಡು ದಿನ ಬಿಸಿಲಿಗೆ ಹಾಕಿದ್ವಿ. ಮಧ್ಯಾಹ್ನ ಹನ್ನೆರಡಕ್ಕೆ ಶುರು ಮಾಡಿ ನಾಲ್ಕಕ್ಕೆ ನಿಲ್ಲಿಸಿದ್ವಿ. ಡಾಂಬರಿನ ಡಬ್ಬದ ಹತ್ತಿರ ನೀರಿನ ಬಾಟಲ್ ಕೂಡ ತರಬಾರದು, ಒಂದು ಲೋಟ ನೀರು ಬಿದ್ರೆ ಡಾಂಬರು ಉಕ್ಕಿ ಮೈಮೇಲೆ ಹಾರುತ್ತೆ. ಉದ್ದ ತೋಳಿನ ಶರ್ಟ್, ಶೂ ಹಾಕ್ಕೊಳ್ಳಿ. ಚಪ್ಪಲಿಯಲ್ಲಿ ಬಂದವನ ಕಾಲಿನ ಕಲೆ ಇನ್ನೂ ಇದೆ.

ತೂತು ಹುಡುಕೋಕೆ ಒಳ್ಳೆ ಉಪಾಯ ಇದೆ. ತೆಪ್ಪ ಬೋರಲು ಇರುವಾಗ ಒಬ್ಬರು ಅದರ ಕೆಳಗೆ ನುಸುಳಿ ಕೂರಬೇಕು. ಮೇಲೆ ಬಿಸಿಲು, ಒಳಗೆ ಕತ್ತಲು. ತೂತು ಇದ್ದ ಕಡೆ ನಕ್ಷತ್ರದ ಹಾಗೆ ಬೆಳಕು ಕಾಣುತ್ತೆ. ಒಳಗಿನಿಂದ ಕಡ್ಡಿ ಚುಚ್ಚಿ ತೋರಿಸಿದ್ರೆ ಹೊರಗಿನವರು ಅಲ್ಲಿ ಡಾಂಬರು ಒತ್ತುತ್ತಾರೆ. ನಮಗೆ ಹನ್ನೊಂದು ನಕ್ಷತ್ರ ಸಿಕ್ಕಿತು.

ಫೈಬರ್ ತೆಪ್ಪ ತಗೋಬಹುದಲ್ವಾ ಅಂತ ಕೇಳಬಹುದು. ಮೀನುಗಾರಿಕೆ ಇಲಾಖೆಯಿಂದ ಒಳನಾಡು ಮೀನುಗಾರರಿಗೆ ಫೈಬರ್ ಗ್ಲಾಸ್ ಹರಿಗೋಲು ಕೊಡೋ ಯೋಜನೆ ಇದೆ. ಹುಳ ಹಿಡಿಯಲ್ಲ, ವರ್ಷಾವರ್ಷ ಡಾಂಬರು ಬೇಡ. ಆದ್ರೆ ಕಲ್ಲಿಗೆ ಬಡಿದು ಬಿರುಕು ಬಿಟ್ರೆ ರೆಸಿನ್, ಗ್ಲಾಸ್ ಮ್ಯಾಟ್ ಬೇಕು. ಹಾರ್ಡನರ್ ನೂರಕ್ಕೆ ಒಂದೆರಡು ಭಾಗ ಮಾತ್ರ, ಬಿಸಿಲಲ್ಲಿ ಜಾಸ್ತಿ ಹಾಕಿದ್ರೆ ಬಳಿಯೋ ಮುಂಚೆ ಡಬ್ಬದಲ್ಲೇ ಗಟ್ಟಿಯಾಗುತ್ತೆ. ಬಿದಿರಿನದ್ದು ಬಡಿದ್ರೆ ಬಾಗುತ್ತೆ. ನಮ್ಮ ಅಭಿಪ್ರಾಯ ಕೇಳಿದ್ರೆ, ಸಿಗೋದಾದ್ರೆ ಫೈಬರ್ ತಗೊಳ್ಳಿ. ಅಣ್ಣ ಅರ್ಜಿ ಹಾಕೋಕೆ ಹೊರಟಿದ್ದಾರೆ, ಫಾರ್ಮ್ ನಾವೇ ತುಂಬಿಸಿದೀವಿ.

ಕೊನೆಗೆ ನಾವು ಸೇರಿಸಿದ್ದು ಒಂದೇ ಒಂದು ನಮ್ಮ ಸ್ವಂತ ಐಡಿಯಾ. ನೀರಲ್ಲಿರೋ ಮನುಷ್ಯನ ತಲೆ ಮೇಲೆ ಇರೋಕೆ ಹೆಚ್ಚು ಬೇಡ, ಐದು ಕೆ.ಜಿ. ಎತ್ತುವಷ್ಟು ತೇಲುವ ಶಕ್ತಿ ಸಾಕು. ಮುಚ್ಚಳ ಬಿಗಿಯಾದ ಒಂದು 20 ಲೀಟರ್ ಖಾಲಿ ಕ್ಯಾನ್ ಹತ್ತಿರ ಹತ್ತಿರ 20 ಕೆ.ಜಿ. ಎತ್ತುತ್ತೆ. ಎರಡು ಕ್ಯಾನ್‌ಗಳನ್ನ ಅಂಚಿನ ಒಳಗಡೆ ಎದುರುಬದುರು ಕಟ್ಟಿದ್ವಿ. ತೆಪ್ಪ ಮಗುಚಿದ್ರೂ ಮುಳುಗದ ಹಾಗೆ, ಹಿಡ್ಕೊಳ್ಳೋಕೆ ಏನಾದ್ರೂ ಇರೋ ಹಾಗೆ. ಲೈಫ್ ಜಾಕೆಟ್ ಇದಕ್ಕಿಂತ ಸಾವಿರ ಪಾಲು ಒಳ್ಳೇದು, ಅದೂ ತರಿಸಿದ್ದೀವಿ. ಅಣ್ಣ ಅದನ್ನ ಸೆಕೆ ಅಂತ ಹಾಕ್ಕೊಳ್ಳಲ್ಲ. ಕ್ಯಾನ್ ನೋಡಿ ಅಕ್ಕ ಮಾತ್ರ ಏನೂ ಹೇಳದೆ ಗಂಟು ಬಿಗಿಯಾಗಿದೆಯಾ ಅಂತ ಎರಡು ಸಲ ಎಳೆದು ನೋಡಿದ್ರು.

ಹತ್ತನೇ ದಿನ ಸಂಜೆ ನೀರಿಗೆ ಇಳಿಸಿದ್ವಿ. ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ತಾತ ಮೊದಲು ಹತ್ತಿದ್ರು. ಮುಂದೆ ಕೂತು ಹುಟ್ಟನ್ನ ತಮ್ಮ ಕಡೆಗೆ ಎಳೆಯುತ್ತಾ ಎಂಟರ ಆಕಾರದಲ್ಲಿ ತಿರುಗಿಸಿದ್ರೆ ತೆಪ್ಪ ಸುತ್ತದೆ ನೇರ ಹೋಗುತ್ತೆ. ನಾವು ಹಾಕಿದಾಗ ಪಯಸ್ ಬರೆದ ಹಾಗೆ ಸುತ್ತುತ್ತಲೇ ಇತ್ತು. ರಾತ್ರಿ ಬಲೆ ಬಿಟ್ಟು, ಬೆಳಗ್ಗೆ ಐದಕ್ಕೆ ಅಣ್ಣ ಮತ್ತು ಅವರ ಮಗ ಎತ್ತೋಕೆ ಹೋದ್ರು. ಈ ಸಲ ಒಬ್ಬರು ಆ ಕಡೆ, ಒಬ್ಬರು ಈ ಕಡೆ ಕೂತಿದ್ರು. ದಡದಲ್ಲಿ ನಿಂತು ನಾವು ಅದನ್ನೇ ನೋಡ್ತಿದ್ವಿ.

ಮೊನ್ನೆ ಅಣ್ಣ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ರು. ಬುಟ್ಟಿ ತುಂಬಾ ಕಾಟ್ಲಾ, ಮಧ್ಯೆ ನಾಲ್ಕೈದು ಜಿಲೇಬಿ ಮೀನು. ಕೆಳಗೆ ವಾಯ್ಸ್ ಮೆಸೇಜ್: ಬಲಗಡೆ ಅಂಚಿನ ಹಗ್ಗ ಸ್ವಲ್ಪ ಸಡಿಲ ಆಗಿದೆ, ಮುಂದಿನ ಸಲ ಬರುವಾಗ ಮಾವಿನ ಹಗ್ಗ ಇನ್ನೊಂದು ಸುತ್ತು ತನ್ನಿ.